ಕ್ಲಚ್ಚಿನ ಸಿಡುಕು: ತಪ್ಪು ಕಾಲಿನದಾ, ಕಾರಿನದಾ?

ಹೊಸ ಗೇರ್ ಕಾರು ಮನೆಗೆ ಬಂದ ಮೊದಲ ವಾರ ಎಲ್ಲರ ಬಾಯಲ್ಲೂ ಬರೋದು ಒಂದೇ ಮಾತು: "ಕ್ಲಚ್ ಯಾಕೋ ಹೊಂದ್ತಾ ಇಲ್ಲ." ಹಳೇ ಕಾರಿನಲ್ಲಿ ಹತ್ತು ವರ್ಷ ಘಟ್ಟ ಹತ್ತಿ ಇಳಿದವರೂ ಹೊಸದರಲ್ಲಿ ಕೂತರೆ ಸಿಗ್ನಲ್ ಬಿಟ್ಟ ತಕ್ಷಣ ಒಂದು ಕುಪ್ಪಳಿಕೆ, ಆಮೇಲೆ ಇಂಜಿನ್ ಆಫ್. ಹಿಂದಿನಿಂದ ಹಾರನ್ನು, ಪಕ್ಕದ ಸೀಟಿನಿಂದ "ನಿಧಾನಕ್ಕೆ ಬಿಡೋ ಮಾರಾಯ" ಅನ್ನೋ ಉಪದೇಶ. ಬೈಗುಳ ಬೀಳೋದು ಮಾತ್ರ ಯಾವಾಗಲೂ ಎಡಗಾಲಿಗೆ.

ಕಳೆದ ವರ್ಷ ನಮ್ಮ ಮನೆಗೂ ಹೊಸ ಕಾರು ಬಂತು. ಈ ಕ್ಲಚ್ಚಿನ ಸಿಡುಕುತನದ ಮೂಲ ಯಾವುದು ಅಂತ ಹುಡುಕುತ್ತಾ ಹೋದವನಿಗೆ ಒಂದು ದೊಡ್ಡ ಕಥೆಯೇ ಸಿಕ್ಕಿತು. ನೂರಾ ಮೂವತ್ತು ವರ್ಷಗಳಿಂದ ಇಂಜಿನಿಯರುಗಳು ಸರಿಮಾಡುತ್ತಾ ಬಂದಿರೋದು ಯಂತ್ರವನ್ನು, ನಾವು ಬೈಯುತ್ತಾ ಬಂದಿರೋದು ಕಾಲನ್ನು. ಅದನ್ನೇ ಇಲ್ಲಿ ಹಂಚಿಕೊಳ್ಳೋಣ ಅಂತ.

ಮೊದಲು ಕ್ಲಚ್ ಯಾಕೆ ಬೇಕು ಅನ್ನೋದು. ಪೆಟ್ರೋಲ್ ಇಂಜಿನ್ನಿಗೆ ಒಂದು ದೌರ್ಬಲ್ಯ ಇದೆ. ಹಬೆ ಯಂತ್ರ, ವಿದ್ಯುತ್ ಮೋಟರುಗಳು ನಿಂತ ಜಾಗದಿಂದಲೇ ಭಾರ ಎಳೆಯಬಲ್ಲವು. ಇದಕ್ಕೆ ಅದಾಗಲ್ಲ. ನಿಮಿಷಕ್ಕೆ ಏಳೆಂಟುನೂರು ಸುತ್ತಾದರೂ ತಿರುಗುತ್ತಾ ಇದ್ದರೆ ಮಾತ್ರ ಜೀವ. ಒಂದು ಕಡೆ ತಿರುಗುತ್ತಿರೋ ಇಂಜಿನ್, ಇನ್ನೊಂದು ಕಡೆ ನಿಂತಿರೋ ಚಕ್ರ. ಇಬ್ಬರನ್ನೂ ಜೋಡಿಸಬೇಕಾದರೆ ನಡುವೆ ಒಬ್ಬರು ಸ್ವಲ್ಪ ಹೊತ್ತು ಜಾರಬೇಕು. ಜಾರದೇ ಹೋದರೆ ಇಂಜಿನ್ ಸಾಯುತ್ತೆ, ಜಾಸ್ತಿ ಜಾರಿದರೆ ಸುಟ್ಟ ವಾಸನೆ ಬರುತ್ತೆ. ನಾವು "ಹಾಫ್ ಕ್ಲಚ್" ಅಂತ ಕರೆಯೋದು ಈ ಜಾರುವ ಘಳಿಗೆಯನ್ನೇ.

ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ಗಾಡಿಯಲ್ಲಿ ಕ್ಲಚ್ ಪೆಡಲ್ಲೇ ಇರಲಿಲ್ಲ. ಊರಿನ ಹಿಟ್ಟಿನ ಗಿರಣಿ ನೋಡಿದ್ದೀರಲ್ಲ? ಮೋಟರ್ ತಿರುಗುತ್ತಲೇ ಇರುತ್ತೆ; ಗಿರಣಿಯವರು ಒಂದು ಕೋಲಿನಿಂದ ಬೆಲ್ಟನ್ನು ಸುಮ್ಮನೆ ತಿರುಗೋ ರಾಟೆಯಿಂದ ಪಕ್ಕದ ಬಿಗಿ ರಾಟೆಗೆ ಸರಿಸಿದರೆ ಬೀಸೋ ಕಲ್ಲು ಶುರು. ಬೆಂಜ್ ಮಾಡಿದ್ದೂ ಅದನ್ನೇ. ಬೆಲ್ಟು ಸರಿಯುವಾಗ ಸ್ವಲ್ಪ ಜಾರುತ್ತೆ, ಹಾಗಾಗಿ ಗಾಡಿ ಮೆಲ್ಲಗೆ ಹೊರಡುತ್ತೆ. 1888ರ ಆಗಸ್ಟ್‌ನಲ್ಲಿ ಅವನ ಹೆಂಡತಿ ಬರ್ತಾ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಸುಮಾರು ನೂರು ಕಿಲೋಮೀಟರ್ ಹೋಗಿದ್ದು ಇಂಥ ಗಾಡಿಯಲ್ಲೇ. ಏರು ಬಂದಾಗ ಮಕ್ಕಳು ಇಳಿದು ತಳ್ಳಬೇಕಾಯಿತು, ಅದು ಬೇರೆ ಮಾತು.

ಬೆಲ್ಟಿನಿಂದ ಹೆಚ್ಚು ಶಕ್ತಿ ದಾಟಿಸೋದು ಕಷ್ಟ. 1891ರ ಹೊತ್ತಿಗೆ ಫ್ರಾನ್ಸಿನ ಪನಾರ್ ಎ ಲೆವಾಸೋರ್ ಕಂಪನಿಯ ಎಮಿಲ್ ಲೆವಾಸೋರ್ ಇಂಜಿನ್ನನ್ನು ಮುಂದಕ್ಕೆ ತಂದು, ಅದರ ಹಿಂದೆ ಕ್ಲಚ್, ಅದರ ಹಿಂದೆ ಜಾರುವ ಹಲ್ಲಿನ ಗೇರುಗಳನ್ನು ಸಾಲಾಗಿ ಇಟ್ಟ. ಮುಂದೆ ಬಹಳ ವರ್ಷ ಜಗತ್ತಿನ ಕಾರುಗಳೆಲ್ಲ ಹೆಚ್ಚುಕಮ್ಮಿ ಇದೇ ಸಾಲಿನಲ್ಲಿ ಬಂದವು. ಆ ಕಾಲದ ಕ್ಲಚ್ ಅಂದರೆ ಫ್ಲೈವೀಲಿನಲ್ಲಿ ಆಲಿಕೆಯಂಥ ಒಂದು ಗುಂಡಿ, ಅದರೊಳಗೆ ಕೂರೋದಕ್ಕೆ ಚರ್ಮ ಹೊದಿಸಿದ ಇನ್ನೊಂದು ಆಲಿಕೆ. ಸ್ಪ್ರಿಂಗು ಅದನ್ನು ಒಳಕ್ಕೆ ಒತ್ತುತ್ತೆ, ಪೆಡಲ್ ತುಳಿದರೆ ಈಚೆಗೆ ಬರುತ್ತೆ.

ತಮಾಷೆ ಶುರುವಾಗೋದು ಇಲ್ಲೇ. ಚರ್ಮ ಅಂದಮೇಲೆ ಅದಕ್ಕೂ ಹವಾಮಾನ ಇರುತ್ತೆ ನೋಡಿ. ಒಣಗಿದರೆ ಗಬಕ್ಕನೆ ಹಿಡಿದು ಕಾರು ನೆಗೆಯುತ್ತೆ. ಎಣ್ಣೆ ಬಿದ್ದರೆ ಹಿಡಿಯೋದೇ ಇಲ್ಲ. ನೆಗೆಯುವ ಕ್ಲಚ್ಚಿಗೆ ಆಗಿನವರು ಹರಳೆಣ್ಣೆಯನ್ನೋ, ದನದ ಕಾಲಿನ ಮೂಳೆಯಿಂದ ತೆಗೆದ ಎಣ್ಣೆಯನ್ನೋ ಸವರಿ ಚರ್ಮ ಮೆದು ಮಾಡುತ್ತಿದ್ದರು. ಜಾರುವ ಕ್ಲಚ್ಚಿಗೆ ಹಾಕುತ್ತಿದ್ದದ್ದು ಏನು ಗೊತ್ತಾ? ಮುಲ್ತಾನಿ ಮಿಟ್ಟಿಯ ಜಾತಿಯ ಜೇಡಿಪುಡಿ! ಮುಖಕ್ಕೆ ಹಚ್ಚಿದರೆ ಜಿಡ್ಡು ಹೀರುವ ಮಣ್ಣು ಕ್ಲಚ್ಚಿನ ಜಿಡ್ಡನ್ನೂ ಹೀರುತ್ತಿತ್ತು. ಅಂದರೆ ಆಗಿನ ಚಾಲಕನಿಗೆ ಗಾಡಿ ಕುಪ್ಪಳಿಸಿದರೆ ಕಾಲಿನ ಮೇಲಲ್ಲ, ಮೊದಲು ಅನುಮಾನ ಚರ್ಮದ ಮೇಲೆ. ಆ ಬುದ್ಧಿ ನಮಗೆ ಯಾವಾಗ ತಪ್ಪಿಹೋಯಿತೋ.

ಇದರಿಂದ ತಪ್ಪಿಸಿಕೊಳ್ಳೋದಕ್ಕೆ ಬೇರೆ ಬೇರೆ ದಾರಿ ಹುಡುಕಿದರು. ಇಂಗ್ಲೆಂಡಿನ ಪ್ರೊಫೆಸರ್ ಹೀಲ್-ಶಾ ಒಂದರ ಪಕ್ಕ ಒಂದು ಹಲವು ತಟ್ಟೆಗಳನ್ನು ಎಣ್ಣೆಯಲ್ಲಿ ಮುಳುಗಿಸಿಟ್ಟ ಕ್ಲಚ್ ಮಾಡಿದರು. ಬೆಣ್ಣೆಯ ಹಾಗೆ ನಯವಾಗಿ ಹಿಡಿಯುತ್ತಿತ್ತು. ಆದರೆ ಇಂಥ ಕ್ಲಚ್ಚುಗಳಲ್ಲಿ ಚಳಿಯ ಬೆಳಿಗ್ಗೆ ಎಣ್ಣೆ ಗಟ್ಟಿಯಾದರೆ ತಟ್ಟೆಗಳು ಬೇರೆಯಾಗೋದಕ್ಕೇ ಒಪ್ಪುತ್ತಿರಲಿಲ್ಲ. ಅತ್ತ ಹೆನ್ರಿ ಫೋರ್ಡ್ 1908ರ ಮಾಡೆಲ್ ಟಿ ಕಾರಿನಲ್ಲಿ ಬೇರೆ ಆಟವನ್ನೇ ಹೂಡಿದ. ಎಡಗಡೆಯ ಪೆಡಲ್ ಪೂರ್ತಿ ತುಳಿದರೆ ಕೆಳ ಗೇರು, ಅರ್ಧ ಬಿಟ್ಟರೆ ನ್ಯೂಟ್ರಲ್, ಪೂರ್ತಿ ಬಿಟ್ಟರೆ ಮೇಲಿನ ಗೇರು. ನಡುವಿನ ಪೆಡಲ್ ರಿವರ್ಸು, ಬಲಗಡೆಯದ್ದು ಬ್ರೇಕು. ಆಕ್ಸಿಲರೇಟರ್ ಸ್ಟಿಯರಿಂಗ್ ಕೆಳಗಿನ ಕೈಕಡ್ಡಿ. 1927ರವರೆಗೆ ಒಂದೂವರೆ ಕೋಟಿ ಕಾರು ಮಾರಾಟವಾದವು. ಅಷ್ಟೂ ಮಂದಿಯ ಕಾಲು ಕಲಿತ ಪಾಠ, ಮುಂದೆ ಬೇರೆ ಕಾರು ಕೊಂಡ ದಿನ ಪೂರ್ತಿ ಉಲ್ಟಾ!

ಸಿಡುಕು ಕ್ಲಚ್ಚಿನ ಹೆಸರು ತೆಗೆದರೆ ಇಂಗ್ಲೆಂಡಿನವರಿಗೆ ಇವತ್ತಿಗೂ ನೆನಪಾಗೋದು ಆಸ್ಟಿನ್ ಸೆವೆನ್. 1922ರಲ್ಲಿ ಬಂದ ಪುಟಾಣಿ ಕಾರು, 1939ರವರೆಗೆ ಸುಮಾರು ಎರಡು ಲಕ್ಷ ತೊಂಬತ್ತು ಸಾವಿರ ತಯಾರಾದವು. ಅದುವರೆಗೆ ಸೈಡ್‌ಕಾರ್ ಸಿಕ್ಕಿಸಿದ ಮೋಟರ್ ಸೈಕಲ್ಲಿನಲ್ಲಿ ಸಂಸಾರ ಸಾಗಿಸುತ್ತಿದ್ದ ಸಾಮಾನ್ಯರು ಮೊದಲ ಸಲ ಕಾರು ಹತ್ತಿದ್ದು ಇದರಲ್ಲೇ. ಅದರ ಕ್ಲಚ್ಚು ಮಾತ್ರ ಸ್ವಿಚ್ಚಿನ ಹಾಗೆ: ಒಂದೋ ಹಿಡೀತು, ಇಲ್ಲಾ ಬಿಡ್ತು. ನಡುವೆ ಪೆಡಲ್ ಓಡಾಡುವ ಜಾಗ ಒಂದು ಇಂಚೂ ಇಲ್ಲ. ಈಗಲೂ ಅದನ್ನು ಜೋಪಾನ ಮಾಡಿ ಓಡಿಸುವವರು ಹೊಸಬರಿಗೆ ಹೇಳಿಕೊಡೋದು ಒಂದೇ ಉಪಾಯ. ಆಕ್ಸಿಲರೇಟರ್ ಮುಟ್ಟಬೇಡಿ, ಇಂಜಿನ್ ತನ್ನಷ್ಟಕ್ಕೆ ತಿರುಗುತ್ತಿರಲಿ, ಕ್ಲಚ್ ಪೂರ್ತಿ ಬಿಟ್ಟಾದ ಮೇಲೆ ಪೆಟ್ರೋಲ್ ಕೊಡಿ. ಈ ಉಪಾಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕ್ರಮೇಣ ಚರ್ಮ ಹೋಗಿ ಒಂದೇ ಒಣ ತಟ್ಟೆಯ ಕ್ಲಚ್ ನೆಲೆಯಾಯಿತು. ತಟ್ಟೆಗೆ ಹಚ್ಚುವ ಗರಗರ ಪದಾರ್ಥದ ಹಿಂದೆಯೂ ಒಂದು ಕಥೆ ಇದೆ. ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳಲ್ಲಿ ಗಾಡಿಯವರು ಬ್ರೇಕಿನ ಕಟ್ಟಿಗೆಗೆ ಹಳೇ ಬೂಟಿನ ಚರ್ಮ ಹೊಡೆಯೋದನ್ನು ನೋಡಿದ ಹರ್ಬರ್ಟ್ ಫ್ರೂಡ್ 1897ರಲ್ಲಿ ಶುರುಮಾಡಿದ ಉದ್ಯಮವೇ ಫೆರೋಡೋ. 1908ರಲ್ಲಿ ಆತ ಕಲ್ನಾರು ಬಳಸಿದ. ಶಾಖ ತಡೆಯೋದರಲ್ಲಿ ಅದಕ್ಕೆ ಸಾಟಿ ಇರಲಿಲ್ಲ, ಆದರೆ ಅದರ ದೂಳು ಶ್ವಾಸಕೋಶಕ್ಕೆ ಮಾರಕ ಅಂತ ಒಪ್ಪಿಕೊಳ್ಳೋದಕ್ಕೆ ದಶಕಗಳೇ ಬೇಕಾದವು. ಬ್ರಿಟನ್ ನಿಷೇಧಿಸಿದ್ದು 1999ರಲ್ಲಿ. ಕ್ಲಚ್ಚಿನ ಸುಖಕ್ಕೆ ಕಾರ್ಖಾನೆಯವರು, ಮೆಕ್ಯಾನಿಕ್ಕುಗಳು ತೆತ್ತ ಬೆಲೆ ಇದು.

ಪೆಡಲ್ ಹಗುರವಾದದ್ದು ಡಯಾಫ್ರಮ್ ಸ್ಪ್ರಿಂಗಿನಿಂದ. ಬಟ್ಟಲಿನ ಹಾಗೆ ತುಸು ಉಬ್ಬಿದ, ನಡುವಿಗೆ ಬೆರಳುಗಳಂತೆ ಸೀಳಿದ ಒಂದೇ ಉಕ್ಕಿನ ತಟ್ಟೆ. 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಇದನ್ನು ರೂಢಿಗೆ ತಂತು. ಯುರೋಪಿನಲ್ಲಿ ಹಬ್ಬಿಸಿದ್ದು 1965ರಲ್ಲಿ ಜರ್ಮನಿಯ ಬ್ಯೂಲ್ ಪಟ್ಟಣದಲ್ಲಿ ಹುಟ್ಟಿದ ಲುಕ್ ಕಂಪನಿ. ಸುರುಳಿ ಸ್ಪ್ರಿಂಗಿನ ಹಾಗೆ ಒತ್ತಿದಷ್ಟೂ ಗಟ್ಟಿಯಾಗುವ ಗುಣ ಇದಕ್ಕಿಲ್ಲ. ಜೊತೆಗೆ ಪ್ಲೇಟಿನ ಎರಡು ಮೈಗಳ ನಡುವೆ ಅಲೆಯಂತೆ ಬಾಗಿಸಿದ ತೆಳು ಉಕ್ಕಿನ ಪಟ್ಟಿ ಇಟ್ಟರು, ಹಿಡಿತ ಒಮ್ಮೆಲೇ ಬರದೆ ಮೆತ್ತಗೆ ಬರಲಿ ಅಂತ. ಎಲ್ಲ ಒಳ್ಳೇದೇ. ಆದರೆ ಪೆಡಲ್ ಹಗುರವಾದಷ್ಟೂ ಕಾಲಿಗೆ ತಲುಪೋ ಸುದ್ದಿ ಕಮ್ಮಿ. ಕಚ್ಚಿತಾ ಇಲ್ಲವಾ ಅನ್ನೋದು ಕಾರು ನೆಗೆದ ಮೇಲೇ ಗೊತ್ತಾಗೋದು!

ಇದೆಲ್ಲ ಬರೀ ಯಂತ್ರದ ಮಾತಲ್ಲ. ನಮ್ಮಕ್ಕ ಕಾರು ಕಲಿತದ್ದು ಒಂದು ಡ್ರೈವಿಂಗ್ ಸ್ಕೂಲಿನಲ್ಲಿ. ದಿನಕ್ಕೆ ಹತ್ತು ಜನ ತುಳಿದು ಪ್ಲೇಟು ಸವೆದ ಹಳೇ ಕಾರು. ಕೇಬಲ್ ಕ್ಲಚ್ಚಿನಲ್ಲಿ ಪ್ಲೇಟು ಸವೆದ ಹಾಗೆಲ್ಲ ಕಚ್ಚುವ ಜಾಗ ಮೇಲಕ್ಕೆ ಹೋಗುತ್ತೆ, ಕಾಲು ಪೂರ್ತಿ ಎತ್ತಿದ ಮೇಲೇ ಕಾರು ಹೊರಡೋದು. ಅವಳ ಕಾಲು ಅದನ್ನೇ ಕಲಿತಿತ್ತು. ನಮ್ಮ ಹೊಸ ಕಾರಿನ ಕ್ಲಚ್ ಕಚ್ಚೋದು ನೆಲದ ಹತ್ತಿರ. ಫ್ಲೈಓವರ್ ಏರಿನಲ್ಲಿ ಮೂರು ಸಲ ಆಫ್ ಆಯಿತು, ಹಿಂದಿನವರು ಕಿಟಕಿ ಇಳಿಸಿ ಹೆಂಗಸರ ಡ್ರೈವಿಂಗ್ ಬಗ್ಗೆ ಒಂದು ಮಾತು ಎಸೆದು ಹೋದರು. "ನಂಗೆ ಇದು ಆಗಿಬರಲ್ಲ ಕಣೋ" ಅಂತ ಕೀ ಕೊಟ್ಟವಳು ಎಂಟು ತಿಂಗಳು ಸ್ಟಿಯರಿಂಗ್ ಮುಟ್ಟಲಿಲ್ಲ. ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋದಕ್ಕೂ ಬೇರೆಯವರ ಬಿಡುವು ಕಾಯಬೇಕು. ಒಂದು ಭಾನುವಾರ ಬೆಳಿಗ್ಗೆ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ "ಅಕ್ಕ, ನಿನ್ನ ಕಾಲು ಸರಿಯಾಗೇ ಇದೆ, ಅದಕ್ಕೆ ಬೇರೆ ಕಾರಿನ ಪಾಠ ಬಂದಿದೆ ಅಷ್ಟೇ" ಅಂದೆ. ಆಸ್ಟಿನ್ ಸೆವೆನ್‌ನವರ ಉಪಾಯ ಮಾಡಿದೆವು. ಆಕ್ಸಿಲರೇಟರ್ ಮುಟ್ಟದೆ, ಹಿಮ್ಮಡಿ ನೆಲಕ್ಕೆ ಊರಿ, ಮೆಲ್ಲಗೆ ಬಿಡೋದು, ಕಾರು ಕದಲಿದ ತಕ್ಷಣ ಮತ್ತೆ ತುಳಿಯೋದು. ಮೂವತ್ತು ಸಲ ಆಗೋ ಹೊತ್ತಿಗೆ ಅವಳೇ ನಗುತ್ತಿದ್ದಳು. ಈಗ ಅಮ್ಮನ ಡಾಕ್ಟರ್ ಓಡಾಟ ಅವಳದ್ದೇ.

ಹೊಸ ಕಾರು ತಗೊಂಡವರಿಗೂ ಇದನ್ನೇ ಹೇಳೋದು. ಮೊದಲ ಕೆಲವು ನೂರು ಕಿಲೋಮೀಟರ್ ಪ್ಲೇಟು ಫ್ಲೈವೀಲಿನ ಜೊತೆ ಹೊಂದಿಕೊಳ್ಳುವ ಕಾಲ, ಸ್ವಲ್ಪ ಸಿಡುಕು ಇದ್ದದ್ದೇ. ಏರಿನಲ್ಲಿ ಹ್ಯಾಂಡ್ ಬ್ರೇಕ್ ಬಳಸಿ, ಹಾಫ್ ಕ್ಲಚ್ಚಿನಲ್ಲಿ ನಿಲ್ಲಿಸಿ ಪ್ಲೇಟು ಸುಡಬೇಡಿ. ವಾರಗಟ್ಟಲೆ ಕಳೆದರೂ ನಡುಗುತ್ತಾ ಇದ್ದರೆ ಸರ್ವಿಸಿನವರಿಗೆ ತೋರಿಸಿ, ನಿಮ್ಮನ್ನೇ ಬೈದುಕೊಳ್ಳಬೇಡಿ.

ಅಂದ ಹಾಗೆ, ಕ್ಲಚ್ ಪೆಡಲ್ ಇಲ್ಲದ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸನ್ನು ಅಮೆರಿಕದ ಓಲ್ಡ್ಸ್‌ಮೊಬೀಲ್ 1940ರ ಮಾಡೆಲ್ಲಿಗೇ ಕೊಟ್ಟಿತ್ತು. ನಮ್ಮಲ್ಲಿ ಸಾಮಾನ್ಯರ ಕೈಗೆ ಎಟುಕಿದ್ದು 2014ರಲ್ಲಿ, ಮಾರುತಿ ಸೆಲೆರಿಯೋದ ಎಎಂಟಿಯಿಂದ. ಅದರೊಳಗೆ ಇರೋದು ಅದೇ ಹಳೇ ಕ್ಲಚ್ಚು, ಕಾಲಿನ ಬದಲು ಕಂಪ್ಯೂಟರ್ ತುಳಿಯುತ್ತೆ. ಅದೂ ಗೇರ್ ಬದಲಿಸುವಾಗ ತಲೆ ಮುಂದಕ್ಕೆ ವಾಲುವ ಹಾಗೆ ಒಂದು ಜಗ್ಗು ಕೊಡುತ್ತೆ. ಪ್ಲೇಟು ಬದಲಿಸಿದ ಮೇಲಂತೂ ವರ್ಕ್‌ಶಾಪಿನವರು ಸ್ಕ್ಯಾನರ್ ಸಿಕ್ಕಿಸಿ ಅದಕ್ಕೆ ಕಿಸ್ ಪಾಯಿಂಟ್, ಅಂದರೆ ಪ್ಲೇಟು ಕಚ್ಚುವ ಜಾಗ, ಹೊಸದಾಗಿ ಕಲಿಸಬೇಕು. ಕಂಪ್ಯೂಟರಿಗೇ ಪಾಠ ಬೇಕು ಅಂದಮೇಲೆ ನಮ್ಮ ಎಡಗಾಲಿಗೆ ಒಂದೆರಡು ವಾರ ಕೊಡೋದರಲ್ಲಿ ಏನು ತಪ್ಪಿದೆ ಹೇಳಿ?