ಬಳ್ಳಿಗಾವೆಯ ವಿಹಾರ, ಸಿಂಹಳದ ದೊರೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳನ್ನು ನೀವು ನೋಡಿರಬಹುದು. ಅದೇ ಊರಿನಲ್ಲಿ ಒಮ್ಮೆ ಬೌದ್ಧ ವಿಹಾರವೂ ಇತ್ತೆಂಬುದು ನಿಮಗೆ ಗೊತ್ತೇ? ಕಲ್ಯಾಣದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ, 1060ರ ದಶಕದಲ್ಲಿ, ದಂಡನಾಯಕ ರೂಪಭಟ್ಟಯ್ಯ ಇಲ್ಲಿ ಜಯಂತೀ ಬೌದ್ಧ ವಿಹಾರವನ್ನು ಕಟ್ಟಿಸಿದನು. ತಾರಾಭಗವತಿಯ ಪೂಜೆಗೆ ದತ್ತಿ ಬಿಟ್ಟ ಸಂಗತಿ ಶಾಸನದಲ್ಲಿದೆ. ನೆರೆಯ ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ 1077ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದಳು. ಹೀಗೆ ಹಲವು ಧರ್ಮಗಳಿಗೆ ಇಂಬು ಕೊಟ್ಟ ನಾಡಿದು.

ಅದೇ ಕಾಲದಲ್ಲಿ ಸಮುದ್ರದಾಚೆಯ ಬೌದ್ಧರ ದ್ವೀಪ ಸಿಂಹಳದ ಸ್ಥಿತಿ ಹೇಗಿತ್ತು? ಚೋಳರ ಸೇನೆ ಅಲ್ಲಿನ ಹಳೆಯ ರಾಜಧಾನಿ ಅನುರಾಧಪುರವನ್ನು ಗೆದ್ದುಕೊಂಡಿತ್ತು. 1017ರಲ್ಲಿ ದೊರೆ ಐದನೆಯ ಮಹಿಂದನೇ ಸೆರೆಯಾದನು. ದ್ವೀಪದ ದಕ್ಷಿಣ ಭಾಗದಲ್ಲಿ ಬಲ ಕೂಡಿಸಿಕೊಂಡ ವಿಜಯಬಾಹು ಬಹುಕಾಲ ಹೋರಾಡಿ, 1070ರಲ್ಲಿ ಪೊಲೊನ್ನರುವವನ್ನು ಮರಳಿ ಪಡೆದನು.

ಈ ಹೋರಾಟಕ್ಕೂ ಕನ್ನಡ ನಾಡಿಗೂ ಒಂದು ನಂಟಿದೆ. ಚಾಲುಕ್ಯರಿಗೂ ಚೋಳರೇ ಎದುರಾಳಿಗಳು. ಪಾಳಿ ಭಾಷೆಯ ‘ಚೂಳವಂಸ’ದ ಪ್ರಕಾರ, ಕನ್ನಡ ದೊರೆಯ ದೂತರು ಕಾಣಿಕೆಗಳೊಂದಿಗೆ ವಿಜಯಬಾಹುವಿನ ಬಳಿಗೆ ಬಂದರು. ಗ್ರಂಥವು ಆ ದೊರೆಯ ಹೆಸರನ್ನು ಹೇಳುವುದಿಲ್ಲ. ಕಾಲವನ್ನು ಗಮನಿಸಿ ಇತಿಹಾಸಕಾರರು ಅವನನ್ನು ಆರನೆಯ ವಿಕ್ರಮಾದಿತ್ಯನೆಂದು ಗುರುತಿಸುತ್ತಾರೆ. ರಾಜಕುಮಾರನಾಗಿದ್ದಾಗ ಬನವಾಸಿ ನಾಡನ್ನು ನೋಡಿಕೊಂಡವನೇ ಈತ. ಬಳ್ಳಿಗಾವೆ ಆ ನಾಡಿನ ರಾಜಧಾನಿಯಾಗಿತ್ತು.

ಮರುಕಾಣಿಕೆ ಹೊತ್ತು ಹೊರಟ ಸಿಂಹಳದ ದೂತರು ಚೋಳರ ನೆಲದಲ್ಲಿ ಸಿಕ್ಕಿಬಿದ್ದು ಕಿವಿ, ಮೂಗುಗಳನ್ನು ಕಳೆದುಕೊಂಡರು. ಕೆರಳಿದ ದೊರೆ ಯುದ್ಧ ಸಾರಿದಾಗ, ಅವನ ಸೇವೆಯಲ್ಲಿದ್ದ ವೇಳೈಕ್ಕಾರ ಪಡೆ ಚೋಳರ ವಿರುದ್ಧ ಹೋಗಲೊಪ್ಪದೆ ದಂಗೆಯೆದ್ದಿತು. ದೊರೆ ಅದನ್ನು ಅಡಗಿಸಿದನು. ಮುಂದೆ ವೇಳೈಕ್ಕಾರರೇ ಬುದ್ಧನ ದಂತಧಾತುವಿನ ಮಂದಿರಕ್ಕೆ ಕಾವಲಾಗಲು ಒಪ್ಪಿದ್ದನ್ನು ಪೊಲೊನ್ನರುವದ ತಮಿಳು ಶಾಸನವೊಂದು ತಿಳಿಸುತ್ತದೆ. ನಾಡುಗಳ ನಡುವಿನ ಹಗೆ ಜನರ ನಡುವಿನ ಹಗೆಯಾಗಿ ಉಳಿಯಬೇಕಾಗಿಲ್ಲ.

ವಿಜಯಬಾಹುವಿನ ಹಿರಿಮೆ ಬರಿಯ ಗೆಲುವಿನಲ್ಲಿಲ್ಲ. ಯುದ್ಧಗಳಿಂದ ನಲುಗಿದ ದ್ವೀಪದಲ್ಲಿ ಹೊಸಬರಿಗೆ ದೀಕ್ಷೆ ಕೊಡಲು ಬೇಕಾದಷ್ಟು ಭಿಕ್ಷುಗಳೂ ಉಳಿದಿರಲಿಲ್ಲ. ಅವನು ಬರ್ಮಾದಿಂದ ಭಿಕ್ಷುಗಳನ್ನು ಕರೆಸಿ ಪರಂಪರೆಯನ್ನು ಮತ್ತೆ ಚಿಗುರಿಸಿದನು. ದಂತಧಾತುವಿಗೆ ಮಂದಿರ ಕಟ್ಟಿಸಿದನು. ದಂತಧಾತು ಯಾರಲ್ಲಿದೆಯೋ ಅವರಿಗೇ ರಾಜ್ಯದ ಹಕ್ಕು ಎಂಬ ನಂಬಿಕೆ ಅಲ್ಲಿ ಬೇರೂರಿತು. ಇಂದಿಗೂ ಕ್ಯಾಂಡಿಯಲ್ಲಿ ಪ್ರತಿವರ್ಷ ಅದರ ಉತ್ಸವ ನಡೆಯುತ್ತದೆ.

ಬಳ್ಳಿಗಾವೆಯ ವಿಹಾರವಾದರೋ ಮರೆಯಾಯಿತು. ಶಾಸನವೂ ತಾರೆಯ ಶಿಲ್ಪವೂ ಉಳಿದವು. ಕಟ್ಟಿದ್ದು ಕಾಲಕ್ಕೆ ಉರುಳಬಹುದು, ಆದರೆ ಉರುಳಿದ್ದನ್ನು ಎತ್ತಿ ನಿಲ್ಲಿಸುವವರಿದ್ದರೆ ಪರಂಪರೆ ಬಾಳುತ್ತದೆ. ಮುಂದಿನ ಬಾರಿ ನಿಮ್ಮೂರ ಶಾಸನದ ಕಲ್ಲಿನ ಮುಂದೆ ನಿಂತಾಗ ಈ ಮಾತನ್ನು ನೆನೆಯಿರಿ. ಅದನ್ನು ಕಾಪಾಡುವ ಹೊಣೆ ಈಗ ನಿಮ್ಮದು.