ಬೆಲೂನಿನ ಜಾತ್ರೆ

ಗೊನೆಸ್ ಎಂಬ ಊರಿನ ಹೆಸರನ್ನು ನಿಮ್ಮಲ್ಲಿ ಬಹುಮಂದಿ ಕೇಳಿರಲಾರಿರಿ. ಫ್ರಾನ್ಸು ದೇಶದಲ್ಲಿ, ಪ್ಯಾರಿಸ್ ನಗರಕ್ಕೆ ಉತ್ತರದ ಕಡೆ ಹತ್ತು ಹನ್ನೆರಡು ಮೈಲಿ ದೂರದಲ್ಲಿರುವ ಊರು ಅದು. 1783ನೆಯ ಇಸವಿ ಆಗಸ್ಟ್ 27ರ ಸಂಜೆ ಅಲ್ಲಿಯ ಬಯಲಿನಲ್ಲಿ ಆಕಾಶದಿಂದ ಒಂದು ವಸ್ತು ಬಂದು ಬಿದ್ದಿತು. ಗುಂಡಗಿನದು, ಎರಡಾಳು ಎತ್ತರದ್ದು. ಬಿದ್ದದ್ದು ಸುಮ್ಮನಿರದೆ ಗಾಳಿ ಬೀಸಿದಾಗಲೆಲ್ಲ ಪ್ರಾಣಿಯಂತೆ ಹೊರಳುತ್ತ, ಉಬ್ಬುತ್ತ, ಕುಗ್ಗುತ್ತ ಇತ್ತು. ಊರವರು ಕವೆಗೋಲು ಚೂರಿಗಳನ್ನು ಹಿಡಿದು ಓಡಿ ಬಂದು ಅದನ್ನು ಇರಿದರು, ಹರಿದರು. ಸೀಳಿನಿಂದ ದುರ್ವಾಸನೆಯ ಉಸಿರು ಹೊರಟಾಗ ಅವರ ಭಯ ಇಮ್ಮಡಿಸಿತು. ಕೊನೆಗೆ ಅದನ್ನು ಕುದುರೆಯ ಬಾಲಕ್ಕೆ ಕಟ್ಟಿ ಹೊಲವೆಲ್ಲ ಎಳೆಸಿದರೆಂದೂ ಹೇಳುವುದುಂಟು.

ಆ ವಸ್ತು ಬೆಲೂನು. ಅದಕ್ಕೆ ಮುಕ್ಕಾಲು ಗಂಟೆಯ ಹಿಂದೆ ಅದೇ ಬೆಲೂನು ಪ್ಯಾರಿಸಿನ ಶಾಂ ದ ಮಾರ್ಸ್ ಎಂಬ ಬಯಲಿನಿಂದ ಮೇಲೆದ್ದಾಗ ಜನಸ್ತೋಮ ಜಯಘೋಷ ಮಾಡಿತ್ತು. ವಂತಿಗೆ ಕೊಟ್ಟು ಚೀಟಿ ಪಡೆದ ಶ್ರೀಮಂತರು ಆವರಣದೊಳಗೆ, ಉಳಿದವರು ಹೊರಗೆ ಬೀದಿಗಳಲ್ಲಿ ಮಾಡುಗಳ ಮೇಲೆ ನಿಂತು, ಸುರಿಯುವ ಮಳೆಯನ್ನೂ ಲೆಕ್ಕಿಸದೆ ಕತ್ತೆತ್ತಿ ನೋಡಿದ್ದರು. ರೇಷ್ಮೆಯ ಉಡುಪು ನೆನೆದು ತೊಪ್ಪೆಯಾದರೂ ಹೆಂಗಸರು ಕದಲಲಿಲ್ಲವಂತೆ. ವಸ್ತು ಒಂದೇ, ದಿನ ಒಂದೇ, ದೇಶವೂ ಒಂದೇ. ಒಂದು ಕಡೆ ಜಾತ್ರೆ, ಇನ್ನೊಂದು ಕಡೆ ಬೇಟೆ. ಇದಕ್ಕೆ ಕಾರಣವೇನೆಂಬುದನ್ನು ನಿಮ್ಮೊಡನೆ ಕೂತು ಸ್ವಲ್ಪ ವಿಚಾರಮಾಡಬೇಕೆಂಬುದು ನನ್ನ ಉದ್ದೇಶ. ಏಕೆಂದರೆ ಗೊನೆಸಿನವರ ಮೂಢತನವನ್ನು ಕುರಿತು ಜಗತ್ತು ಎರಡು ಶತಮಾನಗಳಿಗೂ ಮೇಲ್ಪಟ್ಟು ನಗುತ್ತಲೇ ಬಂದಿದೆ. ಆ ಕಾಲದಲ್ಲಿಯೇ ಅವರ ಚಿತ್ರವನ್ನು ಅಚ್ಚುಹಾಕಿ ಮಾರಿದರು. ಅದರ ಪ್ರತಿಯನ್ನು ತೋರಿಸಿದರೆ ನನ್ನ ತರಗತಿಯ ಹುಡುಗರೂ ನಗುತ್ತಾರೆ.

ಮೊದಲು ಬೆಲೂನಿನ ಹುಟ್ಟನ್ನು ಹೇಳಬೇಕು. ಇಟಲಿಯ ಭಾಷೆಯಲ್ಲಿ ಪಲ್ಲಾ ಎಂದರೆ ಚೆಂಡು, ಪಲ್ಲೋನೆ ಎಂದರೆ ದೊಡ್ಡ ಚೆಂಡು. ಬೆಲೂನೆಂಬ ಶಬ್ದದ ಮೂಲ ಇಷ್ಟೆ. ನಮ್ಮಲ್ಲಿ ಕೆಲವರು ಇದನ್ನು ಆಕಾಶಬುಟ್ಟಿ ಎಂದು ಕರೆಯುವರು. ದೀಪಾವಳಿಗೆ ಮನೆಯ ಮುಂದೆ ತೂಗುಬಿಡುವ ದೀಪದ ಗೂಡಿಗೂ ಅದೇ ಹೆಸರು ಇರುವುದರಿಂದ ಪಂಡಿತನಾದ ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಆದರೂ ಬೆಂಕಿ, ಕಾಗದ, ಬುಟ್ಟಿ ಮೂರೂ ಎರಡರಲ್ಲಿಯೂ ಉಂಟಾದ್ದರಿಂದ ಆ ಹೆಸರು ಪೂರ್ತಿ ತಪ್ಪೆನ್ನಲೂ ಆಗದು. ಮೊದಲ ಬೆಲೂನನ್ನು ಮಾಡಿದವರು ಕಾಗದ ತಯಾರಿಸುವ ಮನೆತನದವರೇ. ದಕ್ಷಿಣ ಫ್ರಾನ್ಸಿನ ಆನೊನೇ ಎಂಬ ಊರಿನ ಮಾಂಟ್‌ಗಾಲ್ಫಿಯರ್ ಸಹೋದರರು, ಜೋಸೆಫ್ ಮತ್ತು ಎತಿಯೆನ್, ಬಟ್ಟೆಗೆ ಒಳಗಡೆ ಕಾಗದ ಅಂಟಿಸಿ, ತುಂಡುಗಳನ್ನು ಗುಂಡಿಗಳಿಂದ ಸೇರಿಸಿ ಒಂದು ದೊಡ್ಡ ಚೀಲ ಮಾಡಿದರು. 1783ರ ಜೂನ್ 4ರಂದು ಪ್ರಾಂತದ ಪ್ರತಿನಿಧಿಗಳ ಎದುರಿಗೆ ಅದರ ಕೆಳಗೆ ಹುಲ್ಲು ಮತ್ತು ಉಣ್ಣೆಯನ್ನು ಉರಿಸಿದರು. ಚೀಲ ಉಬ್ಬಿತು, ಎದ್ದಿತು, ಸುಮಾರು ಹತ್ತು ನಿಮಿಷ ಹಾರಿ ದೂರದಲ್ಲಿ ಇಳಿಯಿತು. ಅವರು ಒಂದು ವಿಷಯದಲ್ಲಿ ತಪ್ಪಿದ್ದರು. ಹೊಗೆಯಲ್ಲಿ ಏನೋ ಒಂದು ವಿಶೇಷ ಅನಿಲವಿದೆ, ಅದೇ ಎತ್ತುತ್ತದೆ ಎಂದು ಅವರ ನಂಬಿಕೆ. ನಿಜವಾಗಿ ಎತ್ತುವುದು ಕಾವು. ಕಾದ ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದರಿಂದ ಹಗುರಾಗುತ್ತದೆ. ನೀರು ಕುದಿಯುವಷ್ಟು ಕಾಯಿಸಿದರೆ ಒಂದು ಘನ ಮೀಟರು ಗಾಳಿಯ ತೂಕದಲ್ಲಿ ಸುಮಾರು ಕಾಲು ಕಿಲೋ ಕಡಿಮೆಯಾಗುತ್ತದೆ. ಎರಡು ಸಾವಿರ ಘನ ಮೀಟರಿನ ಚೀಲವಾದರೆ ಸುಮಾರು ಐನೂರು ಕಿಲೋ ಎತ್ತುವ ಶಕ್ತಿ ಬಂದಂತಾಯಿತು. ಕಾರಣ ತಿಳಿಯದೆಯೂ ಕಾರ್ಯ ಸಾಧಿಸಿದ್ದು ವಿಜ್ಞಾನದ ಚರಿತ್ರೆಯಲ್ಲಿ ಅಪೂರ್ವವೇನಲ್ಲ.

ಸುದ್ದಿ ಪ್ಯಾರಿಸಿಗೆ ಬಂದಾಗ ಅಲ್ಲಿಯ ವಿದ್ವಾಂಸ ಝಾಕ್ ಶಾರ್ಲ್ ಬೇರೆ ದಾರಿ ಹಿಡಿದ. ಕಬ್ಬಿಣದ ಚೂರಿನ ಮೇಲೆ ಗಂಧಕಾಮ್ಲವನ್ನು ಸುರಿದರೆ ಹುಟ್ಟುವ ಜಲಜನಕವನ್ನು, ರಬ್ಬರು ಲೇಪಿಸಿದ ರೇಷ್ಮೆಯ ಚೀಲಕ್ಕೆ ತುಂಬಿದ. ತುಂಬುವುದಕ್ಕೆ ದಿನಗಳೇ ಹಿಡಿದವು. ಅರ್ಧ ಟನ್ನಿನಷ್ಟು ಕಬ್ಬಿಣ ಬೇಕಾಯಿತು. ನೋಡುವ ಜನರ ನೂಕುನುಗ್ಗಲು ಹೆಚ್ಚಿ, ರಾತ್ರಿಯ ವೇಳೆ ಪಂಜಿನ ಬೆಳಕಿನಲ್ಲಿ ಕಾವಲಿನೊಡನೆ ಅದನ್ನು ಬಯಲಿಗೆ ಸಾಗಿಸಿದರು. ದಾರಿಯಲ್ಲಿ ಎದುರಾದ ಗಾಡಿಯವರು ಗಾಡಿ ನಿಲ್ಲಿಸಿ ಟೋಪಿ ತೆಗೆದರೆಂದು ಕಂಡವರು ಬರೆದಿದ್ದಾರೆ. ನಮ್ಮ ಊರುಗಳಲ್ಲಿ ಉತ್ಸವಮೂರ್ತಿ ಹೊರಟಾಗ ನಡೆಯುವುದೂ ಇದೇ ಅಲ್ಲವೆ? ಅದೇ ಬೆಲೂನೇ ಗೊನೆಸಿನಲ್ಲಿ ಬಿದ್ದದ್ದು.

ಈಗ ಗೊನೆಸಿನ ರೈತನ ಸ್ಥಳದಲ್ಲಿ ನಿಂತು ನೋಡೋಣ. ಆ ವರ್ಷದ ಬೇಸಗೆ ಅವನಿಗೆ ಹೇಗಿತ್ತು? ಆನೊನೇಯಲ್ಲಿ ಬೆಲೂನು ಹಾರಿದ ನಾಲ್ಕೇ ದಿನಕ್ಕೆ, ಜೂನ್ 8ರಂದು, ದೂರದ ಐಸ್‌ಲೆಂಡಿನಲ್ಲಿ ಲಾಕಿ ಎಂಬಲ್ಲಿ ನೆಲ ಬಿರಿದು ಬೆಂಕಿ ಉಕ್ಕಿತು. ಅದರ ಗಂಧಕದ ಹೊಗೆ ಯೂರೋಪಿನ ಮೇಲೆಲ್ಲ ಒಣ ಮಂಜಿನಂತೆ ಕವಿಯಿತು. ನಡುಹಗಲಿನಲ್ಲಿ ಸೂರ್ಯ ಮಂಕಾಗಿ, ಉದಯಾಸ್ತಗಳಲ್ಲಿ ರಕ್ತದ ಬಣ್ಣವಾಗಿ ಕಾಣುತ್ತಿದ್ದ. ಕಾರಣ ರೈತನಿಗೂ ಗೊತ್ತಿಲ್ಲ, ಪಂಡಿತರಿಗೂ ಗೊತ್ತಿಲ್ಲ. ಸಾಲದ್ದಕ್ಕೆ ಆಗಸ್ಟ್ 18ರ ರಾತ್ರಿ ಬ್ರಿಟನ್ನಿನಿಂದ ಫ್ರಾನ್ಸಿನವರೆಗೆ ಆಕಾಶದಲ್ಲಿ ಒಂದು ಮಹಾ ಉಲ್ಕೆ ಉರಿಯುತ್ತ ಸಾಗಿತು. ಇದಾದ ಒಂಬತ್ತನೆಯ ದಿನ, ಮೋಡದೊಳಗಿನಿಂದ ದುರ್ವಾಸನೆಯ ಒಂದು ಗೋಳ ಅವನ ಹೊಲಕ್ಕೆ ಇಳಿಯುತ್ತದೆ. ಪ್ಯಾರಿಸಿನವನಿಗೆ ಪತ್ರಿಕೆ ಇತ್ತು, ಕಾಫಿ ಅಂಗಡಿಯ ಮಾತು ಇತ್ತು, ಚೀಟಿ ಇತ್ತು, ಹಾರುವ ಹೊತ್ತಿಗೆ ಸೂಚನೆಯಾಗಿ ಫಿರಂಗಿಯ ಸದ್ದಿತ್ತು. ಗೊನೆಸಿನವನಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಅವನು ಓಡಿಹೋಗದೆ ಕವೆಗೋಲು ಹಿಡಿದು ಎದುರಿಗೆ ಬಂದನಲ್ಲ, ಅದನ್ನು ನಾನು ಮೂಢತನವೆನ್ನಲಾರೆ. ಆ ಚಿತ್ರ ನೋಡಿ ನಕ್ಕವರಲ್ಲಿ ಎಷ್ಟು ಮಂದಿ ಅವನಷ್ಟು ಹತ್ತಿರಕ್ಕೆ ಹೋಗುತ್ತಿದ್ದರು?

ಸರ್ಕಾರಕ್ಕೂ ಇದು ಹೊಳೆಯದಿರಲಿಲ್ಲ. ಇದಾದ ಮೇಲೆ ಪ್ರಜೆಗಳಿಗೆ ಒಂದು ಪ್ರಕಟಣೆ ಹೊರಟಿತು. ಗ್ರಹಣ ಹಿಡಿದ ಚಂದ್ರನಂಥ ಗೋಳ ಆಕಾಶದಲ್ಲಿ ಕಂಡರೆ ಬೆದರಬೇಡಿರಿ. ಅದು ತೆಳು ಬಟ್ಟೆಯಿಂದ ಮಾಡಿದ ಯಂತ್ರವೇ ಹೊರತು ಬೇರೆಯಲ್ಲ. ಅದರಿಂದ ಕೇಡಿಲ್ಲ, ಮುಂದೊಂದು ದಿನ ಉಪಯೋಗವೇ ಆದೀತು ಎಂಬುದು ಅದರ ತಾತ್ಪರ್ಯ. ಬೆಲೂನು ಹೇಗೆ ಮಾಡುತ್ತಾರೆಂಬುದನ್ನೂ ಅದರಲ್ಲಿ ವಿವರಿಸಿದ್ದರು. ಒಂದು ಸರ್ಕಾರ ವಿಜ್ಞಾನದ ಸಂಗತಿಯೊಂದನ್ನು ಜನರ ಭಯ ನೀಗಿಸಲೆಂದೇ ಬಿಡಿಸಿ ಹೇಳಿದ್ದು ಮೆಚ್ಚತಕ್ಕ ಮಾತು. ಬೆಲೂನು ಹಾರಿಸುವ ಮುನ್ನವೇ ಹೇಳಿದ್ದರೆ ಇನ್ನೂ ಮೆಚ್ಚಬಹುದಾಗಿತ್ತು.

ವಾರ್ತೆ ನಿಧಾನವಾಗಿ ನಡೆದು ಎಡವಟ್ಟಾಗುವುದು ಆ ಕಾಲಕ್ಕೆ ಹೊಸದಲ್ಲ. ಅದೇ 1783ರ ಜನವರಿಯಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಫ್ರೆಂಚರಿಗೂ ಇಂಗ್ಲಿಷರಿಗೂ ಸಂಧಿಯ ಕರಾರಾಯಿತು. ಅದು ತಿಳಿಯದೆ ಜೂನ್ ತಿಂಗಳಲ್ಲಿ ಕಡಲೂರಿನಲ್ಲಿ ಅವರಿಬ್ಬರೂ ರಕ್ತ ಚೆಲ್ಲಿದರು. ಸುದ್ದಿ ಮುಟ್ಟಿದ ಮೇಲೆ ಮಂಗಳೂರಿನ ಕೋಟೆಯನ್ನು ಮುತ್ತಿದ್ದ ಟಿಪ್ಪುವಿನ ಜೊತೆಯಲ್ಲಿದ್ದ ಫ್ರೆಂಚ್ ತುಕಡಿ ಹಿಂದೆ ಸರಿಯಿತು. ಪ್ಯಾರಿಸಿನಿಂದ ಮಂಗಳೂರಿಗೆ ತಿಂಗಳುಗಳು ಬೇಕಾದದ್ದು ಸಹಜ. ಆದರೆ ಪ್ಯಾರಿಸಿನಿಂದ ಹನ್ನೆರಡು ಮೈಲಿಗೂ ಸುದ್ದಿ ಮುಟ್ಟದಿದ್ದರೆ ಅದು ದೂರದ ದೋಷವಲ್ಲ.

ಆ ವರ್ಷದ ಉಳಿದ ಕಥೆ ನಿಮಗೆ ಗೊತ್ತಿರಬಹುದು. ಸೆಪ್ಟೆಂಬರ್ 19ರಂದು ವರ್ಸೇಲ್ಸಿನಲ್ಲಿ ರಾಜ 16ನೆಯ ಲೂಯಿಯ ಮುಂದೆ ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ ಬುಟ್ಟಿಯಲ್ಲಿ ಕೂತು ಎಂಟು ನಿಮಿಷ ಹಾರಿ ಬಂದವು. ಕುರಿಗೆ ಅರಮನೆಯ ಮೃಗಶಾಲೆಯಲ್ಲಿ ವಾಸ ಪ್ರಾಪ್ತವಾಯಿತು. ನವೆಂಬರ್ 21ರಂದು ಪಿಲಾತ್ರ್ ದ ರೋಜಿಯೆ ಮತ್ತು ಮಾರ್ಕ್ವಿಸ್ ದಾರ್ಲಾಂದ್ ಎಂಬಿಬ್ಬರು ಬಿಸಿಗಾಳಿಯ ಬೆಲೂನಿನಲ್ಲಿ ಕಟ್ಟಿಲ್ಲದೆ ಹಾರಿದ ಮೊದಲ ಮಾನವರಾದರು. ಮೊದಲ ಸಲಕ್ಕೆ ಮರಣದಂಡನೆ ಹೊಂದಿದ ಕೈದಿಗಳನ್ನು ಕಳಿಸಬೇಕೆಂಬುದು ರಾಜನ ಯೋಚನೆಯಾಗಿತ್ತಂತೆ. ಅಂಥ ಗೌರವ ಅಪರಾಧಿಗಳಿಗೇಕೆ ಎಂದು ರೋಜಿಯೆ ಹಟಹಿಡಿದ. ಅದೇ ಮನುಷ್ಯ 1785ರಲ್ಲಿ ಕಡಲುಗಾಲುವೆಯನ್ನು ದಾಟಲು ಹೊರಟು ಬೆಲೂನು ಕುಸಿದು ಸತ್ತ.

ಸರ್ಕಾರದ ಪ್ರಕಟಣೆಯಲ್ಲಿ ಹೇಳಿದ್ದ ಉಪಯೋಗ ಒದಗಿದ್ದು ಎಂಬತ್ತೇಳು ವರ್ಷಗಳ ಮೇಲೆ, ಅದೂ ವಾರ್ತೆಯನ್ನು ಸಾಗಿಸುವುದಕ್ಕೆ. 1870ರಲ್ಲಿ ಪ್ರಷ್ಯದ ಸೈನ್ಯ ಪ್ಯಾರಿಸನ್ನು ಸುತ್ತುಗಟ್ಟಿ ತಂತಿಗಳನ್ನು ಕತ್ತರಿಸಿದಾಗ, ಒಳಗಿದ್ದವರು ಬೆಲೂನುಗಳಲ್ಲಿ ಅಂಚೆ ಕಳುಹಿಸಲಾರಂಭಿಸಿದರು. ಸೆಪ್ಟೆಂಬರಿನಿಂದ ಮರುವರ್ಷದ ಜನವರಿಯವರೆಗೆ ಅರವತ್ತಕ್ಕಿಂತ ಹೆಚ್ಚು ಬೆಲೂನುಗಳು ಇಪ್ಪತ್ತು ಲಕ್ಷಕ್ಕೂ ಮಿಕ್ಕ ಕಾಗದಗಳನ್ನು ಹೊತ್ತು ಶತ್ರುವಿನ ತಲೆಯ ಮೇಲೆ ಹಾರಿಹೋದವು. ಈ ಸಲ ಅವು ಇಳಿದ ಹೊಲಗಳಿಗೆ ರೈತರು ಓಡಿ ಬಂದದ್ದು ಅಂಚೆಯ ಮೂಟೆಗಳನ್ನು ಅಡಗಿಸಿ ಮುಂದಕ್ಕೆ ಸಾಗಿಸುವುದಕ್ಕೆ.

ಅಲ್ಲಿಂದ ಮುಂದೆ ವಿಮಾನ ಬಂದು ಬೆಲೂನು ಮೂಲೆ ಸೇರಿತು. ಬಿಸಿಗಾಳಿಯದಂತೂ ಬಹುಕಾಲ ಮರೆತೇಹೋಗಿತ್ತು. ಹುಲ್ಲಿನ ಬೆಂಕಿಯನ್ನು ಹೊತ್ತು ಎಷ್ಟು ದೂರ ಹೋದೀತು? 1960ರ ಅಕ್ಟೋಬರ್ 22ರಂದು ಅಮೆರಿಕದ ನೆಬ್ರಾಸ್ಕ ಸಂಸ್ಥಾನದ ಬ್ರೂನಿಂಗ್ ಎಂಬಲ್ಲಿ ಎಡ್ ಯೋಸ್ಟ್ ಎಂಬಾತ ನೈಲಾನಿನ ಚೀಲಕ್ಕೆ ಪ್ರೊಪೇನ್ ಅನಿಲದ ಒಲೆಯನ್ನು ಜೋಡಿಸಿ ಹಾರಿದ. ಹುಲ್ಲು ಹೋಗಿ ಸಿಲಿಂಡರು ಬಂದಿತು; ಬೆತ್ತದ ಬುಟ್ಟಿ ಮಾತ್ರ ಉಳಿಯಿತು, ಇಂದಿಗೂ ಉಳಿದಿದೆ. ನೆಲಕ್ಕೆ ಬಡಿದಾಗ ಮುರಿಯದೆ ಬಾಗುವ ಗುಣ ಬೆತ್ತಕ್ಕೆ ಉಂಟು.

ಇನ್ನು ಜಾತ್ರೆಗೆ ಬರೋಣ. ಈ ಸಂಗತಿ ನಿಮಗೆ ಸಂತೋಷ ಕೊಟ್ಟೀತು: ಜಗತ್ತಿನ ಅತಿ ದೊಡ್ಡ ಬೆಲೂನ್ ಉತ್ಸವ ಹುಟ್ಟಿದ್ದು ಒಂದು ರೇಡಿಯೋ ನಿಲಯದ ಹುಟ್ಟುಹಬ್ಬಕ್ಕಾಗಿ. ಅಮೆರಿಕದ ನ್ಯೂ ಮೆಕ್ಸಿಕೋ ಸಂಸ್ಥಾನದ ಆಲ್ಬುಕರ್ಕಿ ನಗರದಲ್ಲಿ ಕೆ.ಓ.ಬಿ. ಎಂಬ ನಿಲಯಕ್ಕೆ 1972ರಲ್ಲಿ ಐವತ್ತು ವರ್ಷ ತುಂಬಿತು. ಊರಿನಲ್ಲಿ ಮೊದಲು ಬೆಲೂನು ಕೊಂಡಿದ್ದ ಸಿಡ್ ಕಟ್ಟರ್ ಎಂಬಾತನ ನೆರವಿನಿಂದ ಏಪ್ರಿಲ್ 8ರಂದು ಅಂಗಡಿಗಳ ಸಂಕೀರ್ಣವೊಂದರ ವಾಹನ ನಿಲ್ದಾಣದಲ್ಲಿ 13 ಬೆಲೂನುಗಳನ್ನು ಹಾರಿಸಿದರು. ಹವೆ ಕೆಟ್ಟು ಕೆಲವು ಬರಲಾಗಲಿಲ್ಲ, ಆದರೂ ನೋಡಲು ಸುಮಾರು 20,000 ಜನ ಸೇರಿದರು. ಪ್ರತಿವರ್ಷವೂ ಬೆಳೆದು 2000ನೆಯ ಇಸವಿಯಲ್ಲಿ ಬೆಲೂನುಗಳ ಸಂಖ್ಯೆ ಸಾವಿರವನ್ನು ದಾಟಿತು. ಅಷ್ಟು ನಿಭಾಯಿಸುವುದು ಕಷ್ಟವಾಗಿ ಬಳಿಕ ಮಿತಿ ಹಾಕಿದರು. ಈಗ ಸುಮಾರು ಐನೂರರಿಂದ ಆರುನೂರು.

ಅಕ್ಟೋಬರ್ ಆರಂಭದಲ್ಲಿ ನೀವು ಅಲ್ಲಿಗೆ ಹೋದರೆ ಬೆಳಗಿನ ಜಾವಕ್ಕೇ ಏಳಬೇಕು, ಹೊದೆಯಲು ಶಾಲೂ ಬೇಕು. ಐದು ಸಾವಿರ ಅಡಿ ಎತ್ತರದ ಊರು ಅದು. ಹೊರಗೆ ತಂಪಿದ್ದಷ್ಟೂ ಬಿಸಿಗಾಳಿಗೆ ಎತ್ತುವ ಬಲ ಹೆಚ್ಚು, ಬಿಸಿಲೇರಿದರೆ ಗಾಳಿ ಕದಡುತ್ತದೆ. ಆದ್ದರಿಂದ ಜಾತ್ರೆಯ ಮುಖ್ಯ ಸೇವೆ ಸೂರ್ಯೋದಯಕ್ಕೇ. ಕತ್ತಲಿರುವಾಗಲೇ ಕೆಲವು ಬೆಲೂನುಗಳು ಮುಂದಾಗಿ ಏರಿ ಗಾಳಿಯ ದಿಕ್ಕನ್ನು ಉಳಿದವರಿಗೆ ತೋರಿಸುತ್ತವೆ. ಒಲೆ ಭುಗಿಲೆಂದಾಗಲೆಲ್ಲ ಚೀಲ ಕೆಂಪಗೆ ಬೆಳಗಿ ಆರುವುದನ್ನು ಕಂಡಾಗ, ಆಕಾಶಬುಟ್ಟಿಯೆಂಬ ಹೆಸರಿನ ಮೇಲೆ ನಾನು ಎತ್ತಿದ ಆಕ್ಷೇಪವನ್ನು ನೀವು ತಳ್ಳಿಹಾಕಿಬಿಡುವಿರಿ. ಆಮೇಲೆ ಹಗಲಾಗುತ್ತಿದ್ದಂತೆ ಸಾಲುಸಾಲಾಗಿ ಉಳಿದವು. ಕಪ್ಪು ಬಿಳುಪು ಪಟ್ಟೆಯ ಉಡುಪಿನವರು ಸೀಟಿಯೂದಿ ಒಂದೊಂದನ್ನೇ ಬಿಡುತ್ತಾರೆ; ಅವರನ್ನು ಅಲ್ಲಿ ಜೀಬ್ರಾಗಳೆಂದೇ ಕರೆಯುವುದು. ರಿಯೊ ಗ್ರಾಂದೆ ನದಿಯ ಕಣಿವೆಯಲ್ಲಿ ರಾತ್ರಿ ತಣಿದ ಗಾಳಿ ಕೆಳಮಟ್ಟದಲ್ಲಿ ದಕ್ಷಿಣಕ್ಕೆ ಹರಿಯುತ್ತದೆ, ಅದರ ಮೇಲಿನ ಗಾಳಿ ಉತ್ತರಕ್ಕೆ ಬೀಸುತ್ತದೆ. ಚುಕ್ಕಾಣಿಯಿಲ್ಲದ ಬೆಲೂನು ಕೆಳಗಿನ ಗಾಳಿಯಲ್ಲಿ ಹೋಗಿ, ಮೇಲೇರಿ, ಮೇಲಿನ ಗಾಳಿಯಲ್ಲಿ ಹೊರಟಲ್ಲಿಗೇ ಬರುವುದು ಕೆಲವು ದಿನ ಸಾಧ್ಯವಾಗುವುದು ಇದರಿಂದ.

ಅಲ್ಲಿ ನಿಮ್ಮನ್ನು ಹಗ್ಗದಾಚೆ ನಿಲ್ಲಿಸುವುದಿಲ್ಲ. ಟಿಕೆಟು ಪಡೆದ ಯಾರಾದರೂ ಬೆಲೂನುಗಳ ನಡುವೆಯೇ ನಡೆದಾಡಬಹುದು, ಚೀಲ ಉಬ್ಬುವುದನ್ನು ಮಾರು ದೂರದಿಂದ ನೋಡಬಹುದು, ಹಾರಿಸುವವನನ್ನು ಮಾತನಾಡಿಸಿ ಒಲೆಯ ಮರ್ಮ ಕೇಳಬಹುದು. ಮಕ್ಕಳು ಕೇಳುವ ಪ್ರಶ್ನೆಗಳಿಗೆ ಅವರು ಬೇಸರಪಡುವುದಿಲ್ಲ.

ಗಾಳಿ ತಿರುಗಿಸಿ ಕೊಡದ ದಿನ ಬೆಲೂನು ಊರಾಚೆ ಎಲ್ಲಿಯೋ ಇಳಿಯುತ್ತದೆ, ಅದರ ಕಡೆಯವರು ಗಾಡಿಯಲ್ಲಿ ಬೆನ್ನಟ್ಟಿ ಹೋಗುತ್ತಾರೆ. ಇಳಿಯಬಾರದ ಜಾಗಗಳನ್ನು ನಕ್ಷೆಯಲ್ಲಿ ಮೊದಲೇ ಗುರುತುಹಾಕಿ ಕೊಟ್ಟಿರುತ್ತಾರೆ. ಇಳಿದ ಮೇಲೆ ಷಾಂಪೇನ್ ಬಾಟಲು ತೆರೆಯುವ ಪದ್ಧತಿ ಬೆಲೂನಿಗರಲ್ಲಿ ಉಂಟು. ಅದು ಹಿಂದಿನ ಕಾಲದ ಫ್ರಾನ್ಸಿನಿಂದ ಬಂದದ್ದೆಂದು ಅವರು ಹೇಳುತ್ತಾರೆ: ಕವೆಗೋಲು ಹಿಡಿದು ಬರುವ ರೈತನಿಗೆ, ತಾವು ದೆವ್ವವಲ್ಲ, ಅವನ ದೇಶದವರೇ ಎಂದು ತೋರಿಸಲು, ಅವನಿಗೆ ಪರಿಚಯವಿರುವ ಮದ್ಯದ ಬಾಟಲೊಂದನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋಗುತ್ತಿದ್ದರಂತೆ. ಐತಿಹ್ಯವಿರಬಹುದು. ಈಗಲೂ ಹೊಲದಲ್ಲಿ ಇಳಿದವರು ಬುಟ್ಟಿಯಿಂದ ಹೊರಬಂದ ಮೇಲೆ ಆ ಹೊಲದ ಯಜಮಾನನನ್ನು ಹುಡುಕಿಕೊಂಡು ಹೋಗುತ್ತಾರೆ.