ನೆಲದೊಳಗಿನ ಗಡಿಗೆ: ಒಂದು ಹಳೆಯ ಜಮಾ-ಖರ್ಚು

2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುದು ಓದುಗರ ನೆನಪಿನಲ್ಲಿರಬಹುದು. ಮರುವರ್ಷದ ಬೇಸಿಗೆಯಲ್ಲಿ ನಮ್ಮೂರ ಬಸದಿಯ ಕೊಳವೆಬಾವಿಯೂ ಬತ್ತಿತು. ಅಂಗಳದಲ್ಲಿ ಹೊಸದಾಗಿ ನೆಟ್ಟಿದ್ದ ಹನ್ನೆರಡು ಹೂಗಿಡಗಳನ್ನು ಉಳಿಸಿಕೊಳ್ಳುವುದೋ ಕೈಬಿಡುವುದೋ ಎಂಬ ಪ್ರಶ್ನೆ ಟ್ರಸ್ಟಿನ ಸಭೆಯ ಮುಂದೆ ಬಂದಿತು. ಹಣ ಕೊಟ್ಟು ತರಿಸಿದ ಟ್ಯಾಂಕರ್ ನೀರನ್ನು ಗಿಡದ ಬುಡಕ್ಕೆ ಸುರಿಯುವುದು ಸರಿಯಲ್ಲವೆಂದು ಕೆಲವರೆಂದರು. ಆಗ ಹಿರಿಯ ಸದಸ್ಯರೊಬ್ಬರು, ಗಿಡದ ಪಕ್ಕದಲ್ಲಿ ಮಣ್ಣಿನ ಗಡಿಗೆಯನ್ನು ಹೂಳಿ ಅದರಲ್ಲಿ ನೀರು ತುಂಬಿದರೆ ಕಾಲು ಭಾಗ ನೀರಿನಲ್ಲಿ ಕೆಲಸವಾಗುತ್ತದೆಯೆಂದು ಸೂಚಿಸಿದರು. ಸಭೆ ಒಪ್ಪಿತು, ಗಡಿಗೆ ತರುವ ಹೊಣೆ ನನ್ನ ಪಾಲಿಗೆ ಬಂದಿತು. ಆದರೆ ಯಾವ ಬಾಬ್ತನ್ನೇ ಆಗಲಿ ಮೂಲ ನೋಡದೆ ಖಾತೆಗೆ ಏರಿಸದಿರುವುದು ನನ್ನ ಹಳೆಯ ಅಭ್ಯಾಸ. ಈ ಉಪಾಯವನ್ನು ಮೊದಲು ಬರೆದಿಟ್ಟವರು ಯಾರೆಂದು ಹುಡುಕುತ್ತ ಹೋದಾಗ ನಾನು ತಲುಪಿದ್ದು ಎರಡು ಸಾವಿರ ವರ್ಷಗಳ ಹಿಂದಿನ ಚೀನಾ ದೇಶವನ್ನು.

ಪಶ್ಚಿಮ ಹಾನ್ ವಂಶದ ಚೆಂಗ್ ಚಕ್ರವರ್ತಿಯ ಕಾಲದಲ್ಲಿ (ಕ್ರಿ.ಪೂ. 33-7) ಫಾನ್ ಶೆಂಗ್‌ಝಿ ಎಂಬ ಅಧಿಕಾರಿಯಿದ್ದನು. ರಾಜಧಾನಿಯಾದ ಚಾಂಗ್‌ಆನ್ ನಗರದ, ಅಂದರೆ ಇಂದಿನ ಷಿಯಾನ್‌ನ, ಸುತ್ತಲಿನ ಸೀಮೆಯಲ್ಲಿ ರೈತರಿಗೆ ಬೇಸಾಯದ ಕ್ರಮವನ್ನು ಕಲಿಸುವ ಕೆಲಸ ಅವನದಾಗಿತ್ತು. ಅವನು ರಚಿಸಿದ ಕೃಷಿಗ್ರಂಥ ಹದಿನೆಂಟು ಭಾಗಗಳದ್ದೆಂದು ಹಾನ್ ವಂಶದ ಇತಿಹಾಸದಲ್ಲಿರುವ ಗ್ರಂಥಸೂಚಿ ತಿಳಿಸುತ್ತದೆ. ಆ ಗ್ರಂಥ ಇಂದು ಇಲ್ಲ. ಕ್ರಿ.ಶ. ಆರನೆಯ ಶತಮಾನದಲ್ಲಿ ಜಿಯಾ ಸಿಷಿಯೆ ಎಂಬ ಮತ್ತೊಬ್ಬ ಅಧಿಕಾರಿ 'ಚಿಮಿನ್ ಯಾವೋಶು' ಎಂಬ ಬೃಹತ್ ಕೃಷಿಸಂಗ್ರಹವನ್ನು ರಚಿಸುವಾಗ, ಫಾನ್‌ನ ಮಾತುಗಳನ್ನು ಅವನ ಹೆಸರು ಹೇಳಿಯೇ ಅಲ್ಲಲ್ಲಿ ಎತ್ತಿಕೊಂಡನು. ಮೂಲ ಅಳಿದ ಮೇಲೆ ಉಳಿದದ್ದು ಮುಖ್ಯವಾಗಿ ಈ ಉದ್ಧರಣೆಗಳೇ. ಎಲ್ಲ ಸೇರಿ ಚೀನೀ ಲಿಪಿಯ ಮೂರು ಸಾವಿರ ಚಿಲ್ಲರೆ ಅಕ್ಷರಗಳು. ಹೆಸರು ಹೇಳದೆ ಎತ್ತಿಕೊಂಡಿದ್ದರೆ ಅವು ಫಾನ್‌ನ ಮಾತುಗಳೆಂದು ಗುರುತಿಸುವುದು ಕಷ್ಟವಾಗುತ್ತಿತ್ತು. ಸಸ್ಯಶಾಸ್ತ್ರಜ್ಞರಾದ ಷಿ ಶೆಂಗ್‌ಹಾನ್ ಈ ತುಣುಕುಗಳನ್ನು ಪರಿಷ್ಕರಿಸಿ, 1959ರಲ್ಲಿ ಇಂಗ್ಲಿಷಿಗೂ ತಂದರು.

ಆ ತುಣುಕುಗಳಲ್ಲೊಂದು ಕರಬೂಜದ ಬೆಳೆಗೆ ಸಂಬಂಧಿಸಿದ್ದು. ಅದರ ಸಾರಾಂಶ ಹೀಗಿದೆ. ಒಂದು ಮು ಭೂಮಿಯಲ್ಲಿ 24 ಗುಂಡಿಗಳನ್ನು ತೋಡಬೇಕು. ಗುಂಡಿಯ ಅಗಲ ಮೂರು ಚಿ, ಆಳ ಅರ್ಧ ಚಿ. ಗುಂಡಿಗೊಂದು ಷಿ ಅಳತೆಯ ಗೊಬ್ಬರವನ್ನು ಸಮಪಾಲು ಮಣ್ಣಿನೊಡನೆ ಬೆರೆಸಬೇಕು. ಮೂರು ದೌ ನೀರು ಹಿಡಿಯುವ ಮಣ್ಣಿನ ಪಾತ್ರೆಯನ್ನು, ಬಾಯಿ ನೆಲಮಟ್ಟಕ್ಕೆ ಬರುವಂತೆ, ಗುಂಡಿಯ ನಡುವೆ ಹೂಳಬೇಕು. ನೀರು ತುಂಬಿ, ಬಾಯಿಗೆ ಹೆಂಚು ಮುಚ್ಚಿ, ನಾಲ್ಕು ದಿಕ್ಕಿಗೆ ಒಂದೊಂದರಂತೆ ಬೀಜ ಊರಬೇಕು. ನೀರು ಇಳಿದಂತೆಲ್ಲ ಮತ್ತೆ ತುಂಬುತ್ತಿರಬೇಕು. ಬಿತ್ತನೆ ಉತ್ತರಾಯಣಾರಂಭದಿಂದ 90 ಅಥವಾ 100 ದಿನಗಳ ಬಳಿಕ. ಅಂದರೆ ಮಾರ್ಚಿಯ ಕೊನೆಯ ಸುಮಾರಿಗೆ. ಆ ಸೀಮೆಯಲ್ಲಿ ಆಗ ಮಳೆ ಕಡಿಮೆ. ಮಳೆಯ ಹೆಚ್ಚಿನ ಪಾಲು ಜುಲೈಯಿಂದ ಮುಂದೆಯೇ ಬೀಳುವುದು.

ಹಾನ್ ಕಾಲದ ಅಳತೆಗಳನ್ನು ನಮ್ಮ ಲೆಕ್ಕಕ್ಕೆ ಇಳಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಆಗಿನ ಒಂದು ಮು ಎಂದರೆ ಸುಮಾರು 460 ಚದರ ಮೀಟರು, ನಮ್ಮ ನಾಲ್ಕೂವರೆ ಗುಂಟೆ. ಮೂರು ಚಿ ಎಂದರೆ ಎರಡು ಕಾಲು ಅಡಿ. ಮೂರು ದೌ ಎಂದರೆ ಸುಮಾರು ಆರು ಲೀಟರು. 24 ಗಡಿಗೆಗಳನ್ನು ಒಮ್ಮೆ ತುಂಬಲು ಬೇಕಾದ ನೀರು 144 ಲೀಟರು, ಮನೆಬಳಕೆಯ ಹತ್ತು ಕೊಡ. ಗುಂಡಿಗಳೆಲ್ಲವೂ ಸೇರಿ ಆಕ್ರಮಿಸುವ ನೆಲ ಒಂಬತ್ತು ಚದರ ಮೀಟರು ಮಾತ್ರ. ಗೊಬ್ಬರವೂ ನೀರೂ ಹೊಲದ ಐವತ್ತರಲ್ಲೊಂದು ಪಾಲಿಗೆ ಸೇರಿದರೆ ಸಾಕು. ಬಳ್ಳಿ ಮಾತ್ರ ಹೊಲವನ್ನೆಲ್ಲ ಹಬ್ಬುತ್ತದೆ.

ಮುಂದಿನದು ನನ್ನಂಥ ವ್ಯಾಪಾರಿಯ ಕಣ್ಣನ್ನು ಹಿಡಿದು ನಿಲ್ಲಿಸುವ ಭಾಗ. ಗಡಿಗೆಯ ಸುತ್ತ, ಕರಬೂಜದಿಂದ ಆಚೆಗೆ, ಈರುಳ್ಳಿ ಜಾತಿಯ ಹತ್ತು ಗಡ್ಡೆಗಳನ್ನು ನೆಡಲು ಫಾನ್ ಹೇಳುತ್ತಾನೆ. ಐದನೆಯ ತಿಂಗಳಲ್ಲಿ ಹಣ್ಣು ಮಾಗುವ ಹೊತ್ತಿಗೆ ಅವನ್ನು ಕಿತ್ತು ಮಾರಿದರೆ ಬಳ್ಳಿಗೆ ಜಾಗವೂ ಆಗುತ್ತದೆ. ನಡುವೆ ಅಲಸಂದೆಯ ಬಳಗದ ಒಂದು ಸಣ್ಣ ಕಾಳನ್ನು ಬಿತ್ತಿದರೆ ಅದರ ಸೊಪ್ಪೂ ಮಾರಾಟಕ್ಕೆ ಬರುತ್ತದೆ. ಕೊನೆಗೆ ಹೇಳುತ್ತಾನೆ: ಕರಬೂಜದ ಹುಟ್ಟುವಳಿ ಮುವೊಂದಕ್ಕೆ ಹತ್ತು ಸಾವಿರ ನಾಣ್ಯ. ದೊಡ್ಡ ಪಟ್ಟಣದ ಮಗ್ಗುಲಲ್ಲಿ, ತುಂಡು ನೆಲದಲ್ಲಿ ಬದುಕುವವನ ಲೆಕ್ಕವಿದು. ಆದರೆ ಇಲ್ಲಿರುವುದು ಜಮಾ ಮಾತ್ರ; ಖರ್ಚಿನ ಬದಿ ಖಾಲಿ. ಗಡಿಗೆಯ ಬೆಲೆಯೆಷ್ಟು, ಗೊಬ್ಬರದ ಸಾಗಣೆಯೆಷ್ಟು, ನೀರು ಹೊತ್ತವರ ಕೂಲಿಯೆಷ್ಟು ಎಂಬುದನ್ನು ಫಾನ್ ಬರೆಯಲಿಲ್ಲ. ಮೊಬಲಗಿನ ಬಗೆಗೂ ಎಚ್ಚರ ಬೇಕು. ಇದೇ ಗ್ರಂಥದಲ್ಲಿ ಧಾನ್ಯದ ಗುಂಡಿ ಬೇಸಾಯಕ್ಕೆ ಹೇಳಿದ ಇಳುವರಿ ನಂಬಲಾರದಷ್ಟು ದೊಡ್ಡದೆಂದು ವಿದ್ವಾಂಸರು ಶಂಕಿಸಿದ್ದಾರೆ. ಮುಂದಿನ ಶತಮಾನಗಳಲ್ಲಿ ಅದನ್ನು ಮಾಡಿ ನೋಡಿದವರಿಗೂ ಅಷ್ಟು ದಕ್ಕಲಿಲ್ಲ.

ಆದರೂ ಖರ್ಚಿನ ಸುಳಿವು ಅವನ ಬರಹದಲ್ಲಿಯೇ ಬೇರೊಂದು ಕಡೆ ಇದೆ. ಗುಂಡಿ ಬೇಸಾಯದ ಹುಟ್ಟನ್ನು ಅವನು ಒಂದು ಹಳೆಯ ಕಥೆಗೆ ಜೋಡಿಸುತ್ತಾನೆ. ಷಾಂಗ್ ವಂಶದ ಸ್ಥಾಪಕನಾದ ತಾಂಗ್ ಅರಸನ ಕಾಲದಲ್ಲಿ ಬರಗಾಲ ಬಂದಾಗ, ಮಂತ್ರಿ ಯಿ ಯಿನ್ ಜನರಿಗೆ ಗುಂಡಿ ತೋಡಿ ಗೊಬ್ಬರ ಹಾಕಿ ಬೆಳೆಯುವುದನ್ನು ಕಲಿಸಿದನಂತೆ. ಜನ ನೀರನ್ನು ಬೆನ್ನ ಮೇಲೆ ಹೊತ್ತು ತಂದು ಪೈರಿಗೆ ಹಾಕಿದರಂತೆ. ಕಥೆಯ ಸತ್ಯಾಸತ್ಯತೆ ಹೇಗಾದರೂ ಇರಲಿ, ಬೆನ್ನಿನ ಉಲ್ಲೇಖ ಮಾತ್ರ ಅನುಭವದಿಂದ ಬಂದದ್ದು. ಆ ಬಯಲಿನಲ್ಲಿ ಕಾಲುವೆಗಳಿರಲಿಲ್ಲವೆಂದಲ್ಲ. ಕ್ರಿ.ಪೂ. 246ರಲ್ಲಿ ಆರಂಭವಾದ ಪ್ರಸಿದ್ಧ ಝೆಂಗ್‌ಗುವೋ ಕಾಲುವೆ ಹರಿದದ್ದು ಅಲ್ಲಿಯೇ. ಕಾಲುವೆಯ ನೀರು ತಲುಪಿದವನಿಗೆ ಗಡಿಗೆ ಹೂಳುವ ಅಗತ್ಯ ಬರಲಾರದು. ತಲುಪದವನಿಗಾಗಿ ಫಾನ್ ಇದನ್ನು ಬರೆದನೆಂಬುದು ನನ್ನ ಊಹೆ.

ಗಡಿಗೆಯ ಗುಣ ನಮ್ಮ ಅಡುಗೆಮನೆಗೆ ಗೊತ್ತಿಲ್ಲದ್ದೇನೂ ಅಲ್ಲ. ಹೊಸ ಗಡಿಗೆ ಬೆವರುತ್ತದೆ, ಅದರಿಂದಲೇ ನೀರು ತಣ್ಣಗಾಗುತ್ತದೆ. ನೆಲದೊಳಗೆ ಆ ಬೆವರನ್ನು ಗಾಳಿಯ ಬದಲು ಮಣ್ಣು ಹೀರಿಕೊಳ್ಳುತ್ತದೆ. ಬೇರು ನೀರು ಕುಡಿದು ಮಣ್ಣು ಒಣಗಿದರೆ ಅದರ ಸೆಳೆತ ಹೆಚ್ಚುತ್ತದೆ, ಗಡಿಗೆ ಹೆಚ್ಚು ಕೊಡುತ್ತದೆ. ಮಳೆ ಬಂದು ಮಣ್ಣು ನೆನೆದರೆ ಜಿನುಗುವುದು ಬಹುಮಟ್ಟಿಗೆ ನಿಲ್ಲುತ್ತದೆ. ನೆಲದ ಮೇಲ್ಮೈ ಒಣಗಿಯೇ ಇರುವುದರಿಂದ ಬಿಸಿಲಿಗೆ ಆವಿಯಾಗುವುದು ಕಡಿಮೆ, ಕಳೆಯೂ ಕಡಿಮೆ. ಬಾಯಿಗೆ ಹೆಂಚು ಮುಚ್ಚಬೇಕೆಂದು ಫಾನ್ ಹೇಳಿದ್ದು ನೀರು ಆರದಿರಲಿ ಎಂದಿರಬೇಕು. ನಮ್ಮ ಮನೆಗಳವರಿಗೆ ಇನ್ನೊಂದು ಕಾರಣವನ್ನು ಹೇಳಿಕೊಡಬೇಕಾಗಿಲ್ಲ. ತೆರೆದ ಬಾಯಿಯೊಳಗೆ ಇರುವೆ ಬೀಳುತ್ತದೆ, ಸೊಳ್ಳೆ ಮೊಟ್ಟೆಯಿಡುತ್ತದೆ. ಸೋಸಿದ ನೀರನ್ನೇ ತುಂಬಿದರೆ ಗಡಿಗೆಯ ರಂಧ್ರಗಳೂ ಬೇಗ ಕಟ್ಟಿಕೊಳ್ಳುವುದಿಲ್ಲ.

ಆಧುನಿಕ ಭಾರತದಲ್ಲಿ ಈ ಪದ್ಧತಿಯನ್ನು ಪರೀಕ್ಷೆಗೆ ಒಡ್ಡಿದವರು ಹರಿಯಾಣದ ಕರ್ನಾಲ್‌ನ ಕೇಂದ್ರೀಯ ಮಣ್ಣಿನ ಲವಣತೆ ಸಂಶೋಧನಾ ಸಂಸ್ಥೆಯ ಆರ್. ಸಿ. ಮಂಡಲ್. ಅವರ ಲೇಖನ 1974ರಲ್ಲಿ ಪ್ರಕಟವಾಯಿತು. ಗಡಿಗೆ ಬೇಸಾಯದಲ್ಲಿ ಹೆಕ್ಟೇರಿಗೆ ಕೇವಲ ಎರಡು ಸೆಂಟಿಮೀಟರು ನೀರಿನಿಂದ 25 ಟನ್ ಕರಬೂಜ ಬಂದಿತೆಂದು ಅದನ್ನು ಆಧರಿಸಿ ಅಮೆರಿಕದ ಡೇವಿಡ್ ಬೇನ್‌ಬ್ರಿಜ್ 2001ರಲ್ಲಿ ಬರೆದರು. ನೀರು ಹಾಯಿಸಿ ಬೆಳೆದಾಗ 26 ಸೆಂಟಿಮೀಟರು ನೀರು, 33 ಟನ್ ಹಣ್ಣು ಎಂಬುದು ಅವರು ಪಕ್ಕದಲ್ಲಿಟ್ಟ ಅಂಕಿ. ಎರಡು ಅಂಕಣಗಳನ್ನೂ ನೋಡಬೇಕು. ಇಳುವರಿಯಲ್ಲಿ ಎಂಟು ಟನ್ ಖೋತಾ ಇದೆ, ಅದನ್ನು ಮುಚ್ಚಿಡಬಾರದು. ಆದರೆ ಒಂದು ಕಿಲೋ ಹಣ್ಣಿಗೆ ತಗಲಿದ ನೀರು ಒಂದು ಕಡೆ 8 ಲೀಟರು, ಇನ್ನೊಂದು ಕಡೆ 79 ಲೀಟರು. ಭೂಮಿ ಕಡಿಮೆ, ನೀರು ಹೇರಳವಾಗಿ ಇರುವವನು ಎರಡನೆಯದನ್ನು ಆರಿಸಿದರೆ ತಪ್ಪೆನ್ನಲಾಗದು. ನೀರನ್ನು ಕೊಂಡು ತರುವವನ ಲೆಕ್ಕ ಬೇರೆ.

ಇಷ್ಟೆಲ್ಲ ಓದಿಯೂ ಗಡಿಗೆ ಕೊಳ್ಳುವಾಗ ನಾನು ಎಡವಿದೆ. ರಸ್ತೆಬದಿಯಲ್ಲಿ ಬೇಸಿಗೆಗೆಂದು ಒಟ್ಟಿದ್ದ ರಾಶಿಯಿಂದ, ನೋಡಲು ಚೆನ್ನಾದ, ಕೆಂಪು ಬಣ್ಣ ಬಳಿದ ಹನ್ನೆರಡು ಗಡಿಗೆಗಳನ್ನು ಚೌಕಾಸಿ ಮಾಡಿ ತಂದೆ. ಬಡಿದರೆ ಕಂಚಿನಂತೆ ನಾದ ಬರುತ್ತಿತ್ತು. ಅದನ್ನೇ ಹೆಮ್ಮೆಯಿಂದ ಸಭೆಗೆ ತಿಳಿಸಿದೆ. ಹೂಳಿ ನೀರು ತುಂಬಿ ಒಂದು ವಾರ ಕಳೆದರೂ ನೀರಿನ ಮಟ್ಟ ಬೆರಳಷ್ಟೂ ಇಳಿಯಲಿಲ್ಲ, ಎರಡು ಗಿಡಗಳು ಬಾಡಿದವು. ಎಣ್ಣೆಬಣ್ಣ ರಂಧ್ರಗಳನ್ನೆಲ್ಲ ಮುಚ್ಚಿತ್ತು. ಮತ್ತೆ ಅಗೆಸಿ, ಈ ಸಲ ನೇರವಾಗಿ ಕುಂಬಾರನ ಆವಿಗೆಯ ಬಳಿಗೇ ಹೋದೆ. ಜೇಡಿಮಣ್ಣಿಗೆ ಮರಳಿನ ಜೊತೆ ಭತ್ತದ ಹೊಟ್ಟನ್ನು ಸ್ವಲ್ಪ ಹೆಚ್ಚಾಗಿ ಬೆರೆಸಿ, ಹದವಾದ ಉರಿಯಲ್ಲಿ ಸುಟ್ಟು, ಬಣ್ಣ ಬಳಿಯದೆ ಕೊಡಬೇಕೆಂದೆ. ಹೊಟ್ಟು ಸುಟ್ಟುಹೋದ ಕಡೆ ಸಣ್ಣ ರಂಧ್ರ ಉಳಿಯುತ್ತದೆ. ವೃದ್ಧ ಕುಂಬಾರ ನಕ್ಕುಬಿಟ್ಟ. "ಸೋರೂ ಗಡಿಗಿ ಬ್ಯಾಡ ಅಂತ ತಿರುಗಿ ತಂದವರನ್ನ ನೋಡೇನ್ರೀ ಸಾವಕಾರ್ರ, ಸೋರೂದೇ ಬೇಕು ಅಂದವರು ನೀವೇ ಮೊದಲು" ಎಂದ. ಅವನೇ ಪರೀಕ್ಷೆಯ ಕ್ರಮವನ್ನೂ ತೋರಿಸಿದ. ನೀರು ತುಂಬಿ ನೆರಳಿನಲ್ಲಿಟ್ಟರೆ ಮರುದಿನಕ್ಕೆ ಹೊರಮೈ ಎಲ್ಲ ಕಡೆ ಸಮನಾಗಿ ತೇವವಾಗಿರಬೇಕು. ಹನಿ ಕಟ್ಟಿ ಇಳಿದರೆ ಬಿರುಕಿದೆಯೆಂದೇ ತಿಳಿಯಬೇಕು.

ಆ ಗಡಿಗೆಗಳನ್ನು ಕೊರಳು ಎರಡು ಬೆರಳು ಮೇಲಿರುವಂತೆ ಹೂಳಿಸಿದೆವು. ನೆಲಮಟ್ಟಕ್ಕೆ ಬಿಟ್ಟರೆ ಕಸ ಗುಡಿಸುವಾಗ ಮಣ್ಣು ಒಳಗೆ ಬೀಳುತ್ತದೆ. ಹಳೆಯ ಹೆಂಚಿನ ಚೂರುಗಳೇ ಮುಚ್ಚಳವಾದವು. ಮೊದಲು ದಿನಕ್ಕೆ ಹನ್ನೆರಡು ಕೊಡ ನೀರು ಹಿಡಿಯುತ್ತಿದ್ದ ಕೆಲಸ, ಮೂರು ದಿನಕ್ಕೊಮ್ಮೆ ಐದು ಕೊಡಕ್ಕೆ ಇಳಿಯಿತು. ಮಳೆಗಾಲದವರೆಗೆ ಹತ್ತು ಗಿಡಗಳು ಉಳಿದುಕೊಂಡವು. ಸಭೆಯಲ್ಲಿ ನಾನು ಈ ಅಂಕಿಗಳನ್ನು ಸಂತೋಷದಿಂದ ಓದಿದೆ.

ಅಂದು ಸಂಜೆ, ಅಂಗಳದ ಕೆಲಸ ನೋಡಿಕೊಳ್ಳುವ ಹೆಣ್ಣುಮಗಳನ್ನು ಮಾತಿಗೆ ಕರೆದು, ಈಗ ಹೊರೆ ಕಡಿಮೆಯಾಯಿತಲ್ಲವೇನವ್ವ ಎಂದು ಕೇಳಿದೆ. "ಹೊರೂದು ಕಡಿಮಿ ಆತ್ರೀ. ಆದ್ರ ಮೊದಲ ನಿಂತ ಸುರುವತಿದ್ದೆ. ಈಗ ಒಂದೊಂದು ಗಡಿಗಿ ಬಾಯಿಗೂ ಬಗ್ಗಿ ಬಗ್ಗಿ ಚಂಬಿಲೆ ಹಾಕಬೇಕು, ಸೊಂಟ ಹಿಡೀತೈತ್ರಿ" ಎಂದಳು. ನನ್ನ ಲೆಕ್ಕದಲ್ಲಿ ನೀರಿತ್ತು, ಗಡಿಗೆಯ ಬೆಲೆಯಿತ್ತು, ಟ್ಯಾಂಕರಿನ ಉಳಿತಾಯವಿತ್ತು. ಫಾನ್‌ನ ಖರ್ಚಿನ ಬದಿಯನ್ನು ಖಾಲಿಯೆಂದು ಬರೆದುಕೊಂಡಿದ್ದ ನನ್ನ ವಹಿಯಲ್ಲಿಯೂ ಈ ಸೊಂಟಕ್ಕೆ ಒಂದು ಸಾಲಿರಲಿಲ್ಲ.

ಮರುದಿನ ತಗಡಿನ ಕೆಲಸದವನ ಹತ್ತಿರ ಒಂದು ದೊಡ್ಡ ಆಲಿಕೆಗೆ ಮೂರಡಿ ಉದ್ದದ ಕೊಳವೆಯನ್ನು ಬೆಸೆಸಿದೆ. ಕೊಳವೆಯ ತುದಿಯನ್ನು ಗಡಿಗೆಯ ಬಾಯಿಗಿಟ್ಟು ನಿಂತಲ್ಲಿಂದಲೇ ನೀರು ಹೊಯ್ಯಬಹುದು. ಆಲಿಕೆಯ ಬಾಯಿಗೆ ಸೋಸುವ ಬಟ್ಟೆಯನ್ನು ಅವಳೇ ಕಟ್ಟಿಕೊಂಡಿದ್ದಾಳೆ. ಕೊಳವೆ ಇನ್ನೂ ನಾಲ್ಕು ಬೆರಳು ಉದ್ದವಿದ್ದರೆ ಒಳ್ಳೆಯದಿತ್ತೆಂದು ಮೊನ್ನೆ ಹೇಳಿದಳು.